ಕಲಬುರಗಿಯ ಕಾಣದ ಬೆವರು

ಬೆಂಗಳೂರಿನಿಂದ ಹೊರಟ ರೈಲು ರಾಯಚೂರನ್ನು ದಾಟಿ, ವಾಡಿ, ಶಹಾಬಾದುಗಳನ್ನು ಹಿಂದಿಕ್ಕುವ ಹೊತ್ತಿಗೆ ಕಿಟಕಿಯ ಗಾಳಿಯ ಸ್ವಭಾವವೇ ಬೇರೆಯಾಗಿರುತ್ತದೆ. ವೈಶಾಖದ ದಿನಗಳು, ಇಕ್ಕೆಲದಲ್ಲಿಯೂ ಬಿರುಕುಬಿಟ್ಟ ಎರೆಭೂಮಿ. ಹಲವು ವರ್ಷಗಳ ತರುವಾಯ ಮದುವೆಯೊಂದಕ್ಕೆಂದು ಊರಿಗೆ ಮರಳುವ ಕಲಬುರಗಿಯ ಮಗನು, 'ಹುಟ್ಟಿ ಬೆಳೆದ ಬಿಸಿಲು, ಏನು ಮಾಡೀತು?' ಎಂದು ಬಗೆಯುತ್ತಾನೆ. ಅವನ ಮನಸ್ಸು ಊರನ್ನು ಮರೆತಿಲ್ಲ, ನಿಜ. ಆದರೆ ಅವನ ದೇಹ ಮರೆತಿದೆ.

ಚೆನ್ನಾಗಿ ಬೆವರುವುದು ದೇಹವು ಅಭ್ಯಾಸದಿಂದ ಕಲಿಯುವ ವಿದ್ಯೆ. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಒಂದು ಲೀಟರು ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲರಿಗಳಷ್ಟು ಶಾಖವನ್ನು ಒಯ್ಯುತ್ತದೆ. ಬಿಸಿನಾಡಿಗೆ ಹೊಸದಾಗಿ ಬಂದವನ ಬೆವರು ತಡವಾಗಿ, ಸಾಲದಷ್ಟಾಗಿ ಹೊರಡುತ್ತದೆ. ಜತೆಗೆ ಉಪ್ಪನ್ನೂ ಹೆಚ್ಚಾಗಿ ಕೊಂಡೊಯ್ಯುತ್ತದೆ. ದಿನವೂ ಸ್ವಲ್ಪ ಹೊತ್ತು ಬಿಸಿಗೆ ಒಡ್ಡಿಕೊಂಡರೆ 10ರಿಂದ 14 ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯದ ಆತುರ ತಗ್ಗುತ್ತದೆ, ಬೆವರು ಬೇಗನೆ ಧಾರಾಳವಾಗಿ ಹೊಮ್ಮಿ ಉಪ್ಪನ್ನು ಉಳಿಸಿಕೊಳ್ಳುತ್ತದೆ. ತಂಪಿನ ಊರು ಸೇರಿದ ಕೆಲವೇ ವಾರಗಳಲ್ಲಿ ಈ ಪಾಠವೆಲ್ಲ ಅಳಿಸಿಹೋಗುತ್ತದೆ.

ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಆರದೆ ಅಂಗಿಯನ್ನು ತೊಯ್ಯಿಸಿ ತನ್ನನ್ನು ಸಾರಿಕೊಳ್ಳುತ್ತದೆ. ಕಲಬುರಗಿಯ ಒಣಗಾಳಿಯಾದರೋ ಅದನ್ನು ಹುಟ್ಟಿದಲ್ಲಿಯೇ ಕುಡಿದುಬಿಡುತ್ತದೆ. ಅಪಾಯವಿರುವುದು ಇಲ್ಲಿಯೇ. ಬೆವರಿಲ್ಲವೆಂದು ನಂಬಿ ನೀರನ್ನು ಮರೆತವನು ಸಂಜೆಯೊಳಗೆ ತಲೆಸುತ್ತಿ ಬಿದ್ದಾನು. ಮೈ ಕಾದು ಮಾತು ತಡವರಿಸಿದರಂತೂ ಮೈಗೆ ತಣ್ಣೀರು ಸುರಿಯುತ್ತ, ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಊರು ಈ ಸತ್ಯವನ್ನು ಬಲ್ಲುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ವಿಭಾಗದ ಸರಕಾರಿ ಕಚೇರಿಗಳು ಬೆಳಗಿನ 8 ಗಂಟೆಗೇ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಪದ್ಧತಿಯುಂಟು. ಬಹಮನಿ ಅರಸರ ಕೋಟೆಯೊಳಗಿನ ಜಾಮಾ ಮಸೀದಿಗೆ ವಾಡಿಕೆಯ ತೆರೆದ ಅಂಗಳವಿಲ್ಲ. ಅದು ಆದ್ಯಂತವೂ ಗುಮ್ಮಟಗಳ ಛಾವಣಿಯ ಕೆಳಗೇ ಇದೆ. ಉರಿಬಿಸಿಲಿನಿಂದ ಅದರ ಕಮಾನುಗಳ ನೆರಳನ್ನು ಹೊಕ್ಕವನಿಗೆ ಆ ಛಾವಣಿಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ನಗರದಿಂದ ಹುಮನಾಬಾದಿನ ಹಾದಿ ಹಿಡಿದರೆ ಕಮಲಾಪುರ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕೆಂಪು ಬಾಳೆಯ ಊರಿದು. ತೋಟದೊಳಗೆ ಕಾಲಿಟ್ಟೊಡನೆ ಮೈಗೆ ತಂಪು ತಾಗುತ್ತದೆ. ಅದು ಬರಿಯ ನೆರಳಿನ ತಂಪಲ್ಲ. ಎಲೆಗಳೂ ತಮ್ಮ ರಂಧ್ರಗಳಿಂದ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಣಿಸುತ್ತವೆ. ಅವುಗಳ ಬೆವರೂ ಕಣ್ಣಿಗೆ ಕಾಣದು. ಬಿಸಿಲು ನೆತ್ತಿಗೇರಿದಾಗ ಬಾಳೆಯೆಲೆಯು ನಡುದಿಂಡಿನ ಎರಡು ಬದಿಗಳನ್ನೂ ಕೆಳಕ್ಕೆ ಮಡಿಚಿ, ಇರುವ ನೀರನ್ನು ಕಾಪಾಡಿಕೊಳ್ಳುತ್ತದೆ.

ಊರಿಗೆ ಮರಳಿದ ಮಗನೂ ಎರಡು ವಾರಗಳ ಮಟ್ಟಿಗೆ ಈ ಎಲೆಯಂತಿರಬೇಕು. ನಡುಹಗಲಿನಲ್ಲಿ ನೆರಳು, ಬಾಯಾರುವ ಮೊದಲೇ ನೀರು, ಉಪ್ಪು ಬೆರೆಸಿದ ಮಜ್ಜಿಗೆ. ಹುಟ್ಟಿದೂರಿನ ಬಿಸಿಲಾದರೂ ಬಂದವನನ್ನು ಮೊದಲು ಅತಿಥಿಯೆಂದೇ ಕಾಣುತ್ತದೆ. ಮನೆಯವನೆಂದು ಗುರುತಿಸುವುದು ಆಮೇಲೆ.