ದೂರದ ಬೆಟ್ಟ

ಶನಿವಾರ ಬೆಳಗಿನ ಜಾವ ಹಾಲು ತರಲು ಹೊರಟರೆ ನಮ್ಮ ಹೇರೋಹಳ್ಳಿಯಲ್ಲಿ ಒಂದು ಸೋಜಿಗ ಕಾಣುತ್ತದೆ. ವಾರವಿಡೀ ಪಟ್ಟಣದ ಕಡೆಗೆ ಮುಖಮಾಡಿ ತೆವಳುವ ಮಾಗಡಿ ರಸ್ತೆಯ ಕಾರುಗಳು ಅಂದು ಪಟ್ಟಣಕ್ಕೆ ಬೆನ್ನು ಹಾಕಿ ಓಡುತ್ತಿರುತ್ತವೆ. ಕೆಲವು ಸಾವನದುರ್ಗಕ್ಕೆ, ಕೆಲವು ಮಂಚನಬೆಲೆಗೆ, ಕೆಲವು ರಾಮೋಹಳ್ಳಿ ಕಡೆಯ ದೊಡ್ಡಾಲದ ಮರಕ್ಕೆ. ಇನ್ನುಳಿದವು ನೆಲಮಂಗಲ ದಾಟಿ ಮಲೆನಾಡಿಗೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದ ಹಿರಿಯರು, ಆ ಬೆಟ್ಟಕ್ಕೆ ಊರಿಗೆ ಊರೇ ಹತ್ತಿ ಕೂತರೆ ಏನು ಮಾಡಬೇಕೆಂದು ಹೇಳಿ ಹೋಗಲಿಲ್ಲ.

ಈ ಕಾರುಗಳನ್ನು ಕಂಡು ನಗುವ ಅಧಿಕಾರ ನನಗಿಲ್ಲ. ನನ್ನದೂ ಆ ಸಾಲಿನಲ್ಲೇ ಇರುವ ಕಾರು. ಮೂಡಿಗೆರೆ ಸೀಮೆಯಲ್ಲಿ ನಮ್ಮದೊಂದು ಹಳೆಯ ಮನೆ, ಸ್ವಲ್ಪ ಕಾಫಿ ತೋಟ ಇದೆ. ತೋಟ ನೋಡಿಕೊಳ್ಳುವವನು ತಮ್ಮ. ವರ್ಷಕ್ಕೆರಡು ಸಲ ಹೋಗಿ, ಅಬ್ಬಿಯ ನೀರಿಗೆ ತಲೆಯೊಡ್ಡಿ, ಕಡುಬು ತಿಂದು, ಬರುವಾಗ ಕಾಫಿಪುಡಿ ಕಟ್ಟಿಸಿಕೊಂಡು ಬರುವವನು ನಾನು. ಒಡಹುಟ್ಟಿದವನೆಂಬ ಹೆಸರಿನ ಪ್ರವಾಸಿ.

ಹೋದ ಬೇಸಿಗೆಯ ಒಂದು ರಾತ್ರಿ ತಮ್ಮನ ಫೋನು ಬಂತು.

“ಅಣ್ಣಾ, ಮನೆ ಹಿಂದಿನ ಗುಡ್ಡ ಸ್ವಲ್ಪ ತಟ್ಟು ಮಾಡಿ ಹತ್ತು ರೂಮು ಕಟ್ಟೋಣ ಅಂತ. ಜಾಗ ಜಂಟಿ ಖಾತೆಯಲ್ಲಿದೆ. ನೀನು ಒಂದು ಸಹಿ ಹಾಕಿದ್ರೆ ಸಾಕು.”

ಅವನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. 2000ದ ಆಚೀಚೆ ಕಾಫಿ ಬೆಲೆ ನೆಲ ಕಚ್ಚಿದಾಗ ಎಷ್ಟೋ ಬೆಳೆಗಾರರು ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದು ಉಸಿರು ಹಿಡಿದುಕೊಂಡರು. ಹೋಮ್‌ಸ್ಟೇ ಎಂಬ ಶಬ್ದ ಚಿಕ್ಕಮಗಳೂರು, ಕೊಡಗಿನ ಮನೆಮಾತಾದದ್ದು ಹಾಗೆ. ಬೆಲೆ ಏರಿದರೂ ಹಳೆಯ ಸಾಲ ಇಳಿಯಲಿಲ್ಲ. ಮಗಳ ಓದಿನ ಖರ್ಚು ಬೇರೆ. ಆದರೂ ಗುಡ್ಡ ತಟ್ಟು ಮಾಡುವ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ ಸೀಮೆಯಲ್ಲೇ ಗುಡ್ಡಗಳು ಜರಿದದ್ದನ್ನು ಕಂಡವರು ನಾವು. ಬುಡ ಕಡಿದ ಇಳಿಜಾರು ಮಳೆ ನೀರು ಕುಡಿದು ಭಾರವಾದರೆ ಯಾರ ಮಾತೂ ಕೇಳುವುದಿಲ್ಲ.

“ಬಂದು ನೋಡ್ತೀನಿ” ಎಂದೆ. “ನೋಡೋಕೆ ಏನಿದೆ, ನೀನು ನೋಡದ ಗುಡ್ಡವಾ?” ಎಂದು ಅವನು ಫೋನಿಟ್ಟ.

ಹೊರಡುವ ಮೊದಲು ಅವನಿಗೆ ಹೇಳಬೇಕಾದ ಬುದ್ಧಿಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಥಾಯ್ಲೆಂಡಿನ ಮಾಯಾ ಬೇ ಎಂಬ ಸಣ್ಣ ಕಡಲತೀರ ಒಂದು ಸಿನಿಮಾದಿಂದ ಹೆಸರಾಗಿ, ದಿನಕ್ಕೆ ಸಾವಿರಾರು ಜನ ನುಗ್ಗಿ ಹವಳದ ದಿಬ್ಬಗಳು ಹಾಳಾದವು. 2018ರಲ್ಲಿ ಅದನ್ನು ಮುಚ್ಚಿ 2022ರಲ್ಲಿ ತೆರೆಯುವಷ್ಟರಲ್ಲಿ ಓಡಿಹೋಗಿದ್ದ ಶಾರ್ಕ್ ಮೀನುಗಳು ಮರಳಿದ್ದವು. ನಮ್ಮಲ್ಲೂ ಕುಮಾರಪರ್ವತದಲ್ಲಿ 2024ರ ಜನವರಿಯ ರಜೆಯಲ್ಲಿ ಚಾರಣಿಗರ ಜಾತ್ರೆಯೇ ನೆರೆದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಮುಂಗಡ ಬುಕಿಂಗ್ ಮಾಡಿದವರಿಗಷ್ಟೇ ಎಂದು ಲೆಕ್ಕ ಕಟ್ಟಿತು. ಪಶ್ಚಿಮ ಘಟ್ಟ 2012ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹೀಗೆಲ್ಲ.

ಆದರೆ ಬುದ್ಧಿಮಾತಿನ ಗಂಟು ಬಿಚ್ಚುವಾಗಲೇ ಇನ್ನೊಂದು ನೆನಪು ಅಡ್ಡ ಬಂತು. 2022ರಲ್ಲಿ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅರಳಿ, ಬೀಜ ಚೆಲ್ಲಿ, ಸಾಯುವ ಗಿಡ. ಕಿತ್ತ ಪ್ರತಿ ಹೂವೂ ಮುಂದಿನ ಸಲದ ಒಂದು ಗಿಡವನ್ನು ಕಿತ್ತ ಹಾಗೆ. ನಾನೂ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೂ ಕಿತ್ತು ಮುಡಿದವರನ್ನು ಕಂಡು ದಾರಿಯುದ್ದಕ್ಕೂ ಬೈದೆ. ಮನೆಗೆ ಬಂದು ನೋಡಿದರೆ ಮಗುವಿನ ಕೈಯಲ್ಲೂ ಒಂದು ಬಾಡಿದ ಗೊಂಚಲು. ಅದು ಹಟ ಮಾಡಿದಾಗ ಕಿತ್ತು ಕೊಟ್ಟವನು ನಾನೇ.

ಊರಿಗೆ ಹೋದಾಗ ಏಪ್ರಿಲ್. ತಮ್ಮ ಮುಖ ಕೊಟ್ಟು ಮಾತಾಡಲಿಲ್ಲ. ನಾನು ಗಂಟು ಬಿಚ್ಚಲಿಲ್ಲ. ಬದಲಿಗೆ ಇಪ್ಪತ್ತು ಲೀಟರಿನ ಡಬ್ಬಿ ಹಿಡಿದು, ಅವನನ್ನೂ ಕರೆದುಕೊಂಡು ಅಬ್ಬಿಯ ಹತ್ತಿರ ಹೋದೆ. ಮಳೆಗಾಲದಲ್ಲಿ ಕಿವಿಗಡಚಿಕ್ಕುವ ಅಬ್ಬಿ ಆಗ ಕಿರುಬೆರಳಿನಷ್ಟಾಗಿತ್ತು. ಡಬ್ಬಿ ತುಂಬಲು 8 ನಿಮಿಷ ಹಿಡಿಯಿತು. ಗಂಟೆಗೆ 150 ಲೀಟರು. ಹಗಲು ರಾತ್ರಿ ಹಿಡಿದಿಟ್ಟರೆ 3600. ಹತ್ತು ರೂಮಿಗೆ ಇಪ್ಪತ್ತು ಜನ, ತಲೆಗೆ 150ರಂತೆ ಅತಿಥಿಗಳಿಗೇ 3000. ಉಳಿದ 600 ಲೀಟರಿನಲ್ಲಿ ನಮ್ಮ ಮನೆ, ಕೊಟ್ಟಿಗೆ, ಕೆಳಗಿನ ಲೈನ್ ಮನೆಗಳ ಮೂವತ್ತು ಜನ.

ತಮ್ಮ ಲೈನ್ ಮನೆಗಳ ಕಡೆ ನೋಡಿದ. ಅಲ್ಲೊಬ್ಬ ಹೆಂಗಸು ನಲ್ಲಿಗೆ ಕೊಡ ಹಿಡಿದು ಕಾಯುತ್ತಿದ್ದಳು. “ಬೋರ್ ಕೊರೆಸಿದ್ರೆ?” ಎಂದ, ಮೆಲ್ಲಗೆ.

ಆಗ ನಾನು ಹೇರೋಹಳ್ಳಿಯ ಕತೆ ಹೇಳಿದೆ. ನಾನು ಸೈಟು ಕೊಂಡಾಗ ಸುತ್ತ ರಾಗಿ ಹೊಲ. 2007ರಲ್ಲಿ ಬೆಂಗಳೂರು ಬೃಹತ್ತಾದಾಗ ನಮ್ಮ ಊರೂ ಅದರ ಹೊಟ್ಟೆಗೆ ಸೇರಿತು. ಒಬ್ಬೊಬ್ಬರೂ ಬೋರ್ ಕೊರೆಸಿದೆವು, ಪಕ್ಕದವರಿಗಿಂತ ನೂರು ಅಡಿ ಆಳಕ್ಕೆ. 2024ರ ಬೇಸಿಗೆಯಲ್ಲಿ ನನ್ನ ಬೋರ್ ಕೆಮ್ಮಿ ಕೆಮ್ಮಿ ಗಾಳಿ ಬಿಟ್ಟಿತು. ಟ್ಯಾಂಕರಿನವನಿಗೆ ಕೈಮುಗಿದು ನಿಂತೆ. “ನೋಡು, ನಿನ್ನ ಅತಿಥಿಗಳು ಬರೋದೇ ಆ ಟ್ಯಾಂಕರ್ ನೀರಿಂದ ತಪ್ಪಿಸಿಕೊಳ್ಳೋಕೆ” ಎಂದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿನಗೇನು ಅಣ್ಣಾ, ಪಿಂಚಣಿ ಬರುತ್ತೆ. ಲೆಕ್ಕ ಹೇಳಿ ಹೋಗ್ತೀಯ. ಸಾಲ ಯಾರು ತೀರಿಸ್ತಾರೆ?” ಎಂದ.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿಯೆಲ್ಲ ಹೊರಳಾಡಿದೆ. ಬೆಟ್ಟ ಹಾಗೇ ಇರಲಿ ಎಂದು ಬೆಂಗಳೂರಿನಲ್ಲಿ ಕೂತು ಬಯಸುವವನು, ಅದಕ್ಕೆ ತಗಲುವ ಖರ್ಚನ್ನು ಬೆಟ್ಟದ ಬುಡದವನ ಮೇಲೆ ಹೊರಿಸಿ ನಿದ್ದೆ ಮಾಡುವುದು ಯಾವ ನ್ಯಾಯ? ಬೆಳಗ್ಗೆ ಕಾಫಿಗೆ ಕೂತಾಗ ಹೇಳಿದೆ. ತೋಟದ ಆದಾಯದಲ್ಲಿ ನನ್ನ ಪಾಲು ಸಾಲ ತೀರುವವರೆಗೆ ಬೇಡ. ಗುಡ್ಡ ಮುಟ್ಟುವುದು ಬೇಡ. ಹಳೆಯ ಮನೆಯ ಖಾಲಿ ಕೋಣೆಗಳು ನಾಲ್ಕಿವೆ, ಅವನ್ನೇ ಸರಿಮಾಡಿಸು. ಮಾರ್ಚ್, ಏಪ್ರಿಲ್, ಮೇ ಬಾಗಿಲು ಮುಚ್ಚಿರಲಿ. ಲೈನ್ ಮನೆಯ ನಲ್ಲಿ ತುಂಬಿದ ಮೇಲೆ ಅತಿಥಿಗಳ ತೊಟ್ಟಿ. ಇಷ್ಟಕ್ಕೆ ಸಹಿ ಹಾಕುತ್ತೇನೆ.

ತಮ್ಮ ಖುಷಿಯಿಂದ ಒಪ್ಪಿದನೆಂದರೆ ಸುಳ್ಳಾಗುತ್ತದೆ. ಒಪ್ಪಿದ, ಅಷ್ಟೇ. ಹತ್ತು ರೂಮಿನ ದುಡ್ಡು ನಾಲ್ಕು ರೂಮಿಗೆ ಬರುವುದಿಲ್ಲ. ನನ್ನ ಹೆಂಡತಿಯೂ ಪಾಲು ಬಿಟ್ಟ ಸುದ್ದಿ ಕೇಳಿ ಎರಡು ದಿನ ಸಪ್ಪಗಿದ್ದಳು.

ದೀಪಾವಳಿಗೆ ಮತ್ತೆ ಹೋದೆವು. ಕೋಣೆಗಳಲ್ಲಿ ಇಬ್ಬರು ಅತಿಥಿಗಳಿದ್ದರು. ನಮ್ಮ ಅತ್ತಿಗೆ-ನಾದಿನಿಯರು ಬಡಿಸಿದ ಅಕ್ಕಿರೊಟ್ಟಿ ತಿಂದು ತೋಟ ಸುತ್ತಲು ಹೊರಟಿದ್ದರು. ನಾನು ಹೆಗಲಿಗೆ ಟವೆಲ್ ಹಾಕಿಕೊಂಡು ಬಚ್ಚಲಿಗೆ ನಡೆದೆ. ಬಾಗಿಲಲ್ಲಿ ತಮ್ಮ ನಿಂತಿದ್ದ.

“ಅಣ್ಣಾ, ಎರಡು ಬಕೆಟ್. ಬೆಂಗಳೂರಿನವರಿಗೆಲ್ಲ ಒಂದೇ ಲೆಕ್ಕ” ಎಂದ.

ಆ ಬೇಸಿಗೆಯ ನಂತರ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುಮಾತಾಡದೆ ಬಕೆಟ್ ಎತ್ತಿಕೊಂಡೆ.