ಜಗಳ ಬೇರೆ, ಕಾಟ ಬೇರೆ

ಮಕ್ಕಳ ಜಗಳದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ ನಮ್ಮ ಕಡೆ ಮೊದಲು ನಗುತ್ತಾರೆ. ‘ಅದಕ್ಕೂ ಡಾಕ್ಟರೇಟ್ ಕೊಡ್ತಾರಾ?’ ಎನ್ನುವುದು ಆಮೇಲಿನ ಮಾತು. ಕೊನೆಗೊಂದು ಬುದ್ಧಿವಾದ: ‘ಮಕ್ಕಳು ಈಗ ಕಿತ್ತಾಡ್ತವೆ, ಇನ್ನೊಂದು ಗಳಿಗೆಗೆ ಒಂದಾಗ್ತವೆ. ದೊಡ್ಡೋರು ನಡುವೆ ಹೋಗಬಾರದು.’ ಇದರಲ್ಲಿ ನಿಜವೂ ಇದೆ. ಬೆಳಿಗ್ಗೆ ಟೂ ಬಿಟ್ಟ ಗೆಳತಿಯರು ಸಂಜೆಯೊಳಗೆ ಒಂದೇ ಸೀಬೆಹಣ್ಣನ್ನು ಕಚ್ಚಿ ಹಂಚಿಕೊಳ್ಳುವುದನ್ನು ಯಾರು ಕಂಡಿಲ್ಲ? ಆದರೆ ಶಾಲೆಯಲ್ಲಿ ನಡೆಯುವುದೆಲ್ಲವೂ ಅಂಥ ಜಗಳವಲ್ಲ.

ಈ ವ್ಯತ್ಯಾಸ ನಮ್ಮ ಭಾಷೆಗೆ ಮೊದಲೇ ಗೊತ್ತಿದೆ. ಜಗಳವನ್ನು ನಾವು ‘ಆಡುತ್ತೇವೆ’. ಆಟದ ಹಾಗೆ ಅದಕ್ಕೆ ಇಬ್ಬರು ಬೇಕು. ಕಾಟವನ್ನು ಯಾರೂ ಆಡುವುದಿಲ್ಲ, ‘ಕೊಡುತ್ತಾರೆ’. ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ತಾಳಿಕೊಳ್ಳುತ್ತಾರೆ. ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಶಾಲಾಮಕ್ಕಳ ಕಾಟಕ್ಕೆ ಮೂರು ಗುರುತುಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು ಮತ್ತು ಇಬ್ಬರ ಬಲ ಸಮನಾಗಿಲ್ಲದಿರುವುದು. 1982ರಲ್ಲಿ ಉತ್ತರ ನಾರ್ವೆಯ ಮೂವರು ಹುಡುಗರು ಜೀವ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕೆಂಬ ಆಘಾತದಲ್ಲಿ ಆ ದೇಶ ಮರುವರ್ಷವೇ ಶಾಲೆಗಳಲ್ಲಿ ರಾಷ್ಟ್ರಮಟ್ಟದ ಆಂದೋಲನ ಶುರುಮಾಡಿತು. ಅಲ್ಲಿಯವರೆಗೆ ಅಲ್ಲಿಯೂ ಅನೇಕರು ‘ಮಕ್ಕಳೆಂದರೆ ಹೀಗೇ’ ಎಂದುಕೊಂಡೇ ಇದ್ದರು.

ನಮ್ಮ ಶಾಲೆಗಳ ಸ್ಟಾಫ್ ರೂಮಿನಲ್ಲಿ ನಾನು ಅತಿ ಹೆಚ್ಚು ಕೇಳಿದ ಗಾದೆ, ‘ಒಂದು ಕೈಯಲ್ಲಿ ಚಪ್ಪಾಳೆ ಆಗುತ್ತಾ?’ ದೂರು ಬಂದ ತಕ್ಷಣ ಇಬ್ಬರನ್ನೂ ಕರೆಸುತ್ತಾರೆ, ಅಕ್ಕಪಕ್ಕ ನಿಲ್ಲಿಸುತ್ತಾರೆ, ಇಬ್ಬರಿಗೂ ಬೈಯುತ್ತಾರೆ, ಕೈ ಕುಲುಕಿಸಿ ಕಳಿಸುತ್ತಾರೆ. ಜಗಳವಾದರೆ ಇದು ಸರಿಯಾದ ಮದ್ದು. ಇಬ್ಬರೂ ತಮ್ಮ ತಮ್ಮ ಪಾಲನ್ನು ಹೇಳಿ, ಇನ್ನೊಬ್ಬರದನ್ನು ಕೇಳಿ, ಒಂದು ಒಪ್ಪಂದಕ್ಕೆ ಬರಬಹುದು. ಕಾಟಕ್ಕೆ ಇದೇ ಮದ್ದು ಕೊಟ್ಟರೆ ವಿಷವಾಗುತ್ತದೆ. ನೊಂದ ಮಗು ತನ್ನನ್ನು ಹೆದರಿಸಿದವನ ಪಕ್ಕದಲ್ಲೇ ನಿಂತು ಏನು ಹೇಳೀತು? ‘ಏನಿಲ್ಲ ಸಾರ್’ ಎನ್ನುತ್ತದೆ. ಕೈ ಕುಲುಕುವಾಗ ಬೆರಳನ್ನು ಯಾರು ಎಷ್ಟು ಹಿಸುಕಿದರೆಂಬುದು ಮೇಷ್ಟ್ರಿಗೆ ಕಾಣುವುದಿಲ್ಲ.

ಹಾಗಾಗಿ ಎಂಟನೆಯ ತರಗತಿಯ ಮಕ್ಕಳ ಮುಂದೆ ನಿಂತಾಗ ನಾನು ಶಾಂತಿಯ ಪಾಠದಿಂದ ಶುರುಮಾಡುವುದಿಲ್ಲ. ಎರಡು ರಟ್ಟಿನ ಡಬ್ಬಿ ಇಡುತ್ತೇನೆ. ಒಂದರ ಮೇಲೆ ‘ಜಗಳ’, ಇನ್ನೊಂದರ ಮೇಲೆ ‘ಕಾಟ’. ಹೆಸರು ಬರೆಯದೆ ಚೀಟಿಯಲ್ಲಿ ಒಂದು ಘಟನೆ ಬರೆಯಬೇಕು. ಎರಡು ಸೆಕ್ಷನ್ನಿನ ಚೀಟಿಗಳನ್ನು ಬೆರೆಸಿ, ಒಂದೊಂದಾಗಿ ಓದಿ, ಯಾವ ಡಬ್ಬಿಗೆ ಎಂದು ಕೇಳುತ್ತೇನೆ. ಕ್ರಿಕೆಟ್ಟಿನಲ್ಲಿ ಔಟೋ ಅಲ್ಲವೋ ಎಂಬ ಹೊಡೆದಾಟ ಜಗಳದ ಡಬ್ಬಿಗೆ ಹೋಗುತ್ತದೆ, ತಕರಾರಿಲ್ಲ. ಕಳೆದ ವರ್ಷ ತಾಲ್ಲೂಕು ಕೇಂದ್ರದ ಒಂದು ಶಾಲೆಯಲ್ಲಿ ಬಂದ ಚೀಟಿ ಮಾತ್ರ ತರಗತಿಯನ್ನು ತಡೆದು ನಿಲ್ಲಿಸಿತು:

‘ವಾರಕ್ಕೆ ಮೂರು ನಾಕು ಸಲ ನನ್ನ ಸೈಕಲ್ ಗಾಳಿ ಬಿಡ್ತಾರೆ. ತಳ್ಳಿಕೊಂಡು ಊರಿಗೆ ಹೋಗ್ತೀನಿ. ಎಲ್ಲರೂ ನೋಡ್ತಾರೆ.’

‘ತಮಾಷೆಗೆ ಮಾಡಿರ್ತಾರೆ ಮಿಸ್’ ಎಂದ ಒಬ್ಬ. ‘ತಮಾಷೆ ಆದ್ರೆ ಅವನೂ ನಗಬೇಕಿತ್ತಲ್ಲ’ ಎಂದಳು ಹಿಂದಿನ ಬೆಂಚಿನ ಹುಡುಗಿ. ಇಷ್ಟು ಸರಳವಾದ ಅಳತೆಗೋಲು ನಾನು ಓದಿದ ಯಾವ ಪ್ರಬಂಧದಲ್ಲೂ ಇರಲಿಲ್ಲ. ಚೀಟಿ ಕಾಟದ ಡಬ್ಬಿಗೆ ಬಿತ್ತು. ನಾನು ಕೊನೆಯ ಎರಡು ಪದಗಳನ್ನು ಮತ್ತೆ ಓದಿದೆ. ಎಲ್ಲರೂ ನೋಡ್ತಾರೆ. ಎಲ್ಲರೂ ಅಂದರೆ ಯಾರು? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ‘ನಾವೇ’ ಎಂದಿತು ಒಂದು ದನಿ.

ಕಾಟ ಕೊಡುವವನಿಗೆ ಬೇಕಾದ ಚಪ್ಪಾಳೆ ಸಿಗುವುದು ಸುತ್ತ ನಿಂತವರಿಂದ. ಫಿನ್‌ಲ್ಯಾಂಡಿನ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದು ಇದನ್ನೇ. ತರಗತಿಯಲ್ಲಿ ಕೊಡುವವನು, ತಾಳಿಕೊಳ್ಳುವವನು ಇಬ್ಬರೇ ಇರುವುದಿಲ್ಲ. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಪರವಾಗಿ ನಿಲ್ಲುವವರು ಎಲ್ಲರೂ ಇರುತ್ತಾರೆ. ಕೆನಡಾದ ಸಂಶೋಧಕರು ಆಟದ ಮೈದಾನಗಳನ್ನು ಕ್ಯಾಮೆರಾದಲ್ಲಿ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೊಂದು ಮಗು ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕಾಟ 10 ಸೆಕೆಂಡಿನೊಳಗೆ ನಿಂತಿತ್ತು. ಆದರೆ ಹಾಗೆ ನಡುವೆ ಬರುವ ಮಕ್ಕಳೇ ಕಡಿಮೆ.

ಕಡಿಮೆ ಏಕೆಂದರೆ ಭಯ. ‘ಮುಂದೆ ನನ್ನ ಸೈಕಲ್’ ಎಂಬ ಭಯಕ್ಕೆ ‘ಧೈರ್ಯ ತಂದುಕೋ’ ಎನ್ನುವುದು ಉತ್ತರವಲ್ಲ. ನಡುವೆ ಬರುವುದೆಂದರೆ ಎದೆ ಸೆಟೆಸಿ ನಿಲ್ಲುವುದಷ್ಟೇ ಅಲ್ಲ ಎಂದೆ. ನಗದೇ ಇರಬಹುದು. ಜೊತೆಗೆ ನಡೆಯಬಹುದು. ದೊಡ್ಡವರಿಗೆ ಹೇಳಬಹುದು. ‘ಹೇಳಿದ್ರೆ ಚಾಡಿ ಅಂತಾರೆ’ ಎಂದರು ಹಲವರು ಒಟ್ಟಿಗೆ. ಆಗ ಬೋರ್ಡಿನ ಮೇಲೆ ಇನ್ನೆರಡು ಪದ ಬರೆದೆ. ಒಬ್ಬರನ್ನು ಸಿಕ್ಕಿಸಲು ಹೇಳಿದ್ದು ಚಾಡಿ. ಒಬ್ಬರನ್ನು ಬಿಡಿಸಲು ಹೇಳಿದ್ದು ದೂರು. ಶಾಲೆಯಲ್ಲಿ ಹೇಳಲಾಗದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿ ಇದೆಯೆಂದು ಅದರ ಪಕ್ಕದಲ್ಲೇ ಬರೆದೆ. ಅಷ್ಟರಲ್ಲಿ ಮುಂದಿನ ಸಾಲಿನವನೊಬ್ಬ ಎದ್ದು, ‘ಮಿಸ್, ನಮ್ಮನೇಲಿ ಪಂಪ್ ಐತೆ, ತಂದು ಇಲ್ಲೇ ಇಡ್ಲಾ?’ ಎಂದ. ಕಾಟ ಹಾಗೆ ನಿಲ್ಲದಿರಬಹುದು. ಆದರೆ ‘ಎಲ್ಲರೂ ನೋಡ್ತಾರೆ’ ಎಂಬ ವಾಕ್ಯದಿಂದ ಒಬ್ಬ ಹೊರಗೆ ಬಂದಿದ್ದ.

ಇನ್ನುಳಿದದ್ದು ದೊಡ್ಡವರ ಪಾಲು. ಗಾಳಿ ಬಿಟ್ಟವನೂ ಅಲ್ಲೇ ಎಲ್ಲೋ ಕೂತಿದ್ದಾನು. ಅವನನ್ನು ಹಿಡಿದು ನಾಲ್ಕು ಬಾರಿಸಿದರೆ ಸರಿಹೋಗುತ್ತಾನೆಂದು ಬೆತ್ತದ ಕಾಲದವರು ಇಂದಿಗೂ ಹೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನನ್ನು ಬದಿಗಿಟ್ಟರೂ ಏಟು ಕಲಿಸುವ ಪಾಠ ಒಂದೇ: ಬಲ ಇದ್ದವನು ಹೊಡೆಯಬಹುದು. ಅದು ಅವನಿಗೆ ಮೊದಲೇ ಬಾಯಿಪಾಠ.

ಆ ಶಾಲೆಯ ಮೇಷ್ಟ್ರೊಬ್ಬರು, ಚಪ್ಪಾಳೆಯ ಗಾದೆ ಹೇಳುತ್ತಿದ್ದವರೇ, ಕಳೆದ ತಿಂಗಳು ಫೋನ್ ಮಾಡಿದ್ದರು. ಬೇರೊಂದು ದೂರು ಬಂದಿತ್ತಂತೆ. ಈ ಸಲ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಕೂರಿಸಿದರಂತೆ. ‘ಏನಿಲ್ಲ ಸಾರ್ ಅಂತಿದ್ದ ಹುಡುಗ ಅರ್ಧ ಗಂಟೆ ಮಾತಾಡಿದ ಕಣಮ್ಮ’ ಎಂದರು. ‘ಅವನಿಗೆ ಅಷ್ಟು ಮಾತು ಬರುತ್ತೆ ಅಂತಲೇ ನಂಗೆ ಗೊತ್ತಿರಲಿಲ್ಲ.’