ಮೇಷ್ಟ್ರು ಸೋತ ರಾತ್ರಿ

ಬ್ರಿಟನ್ನಿನಲ್ಲಿ 2009ರಲ್ಲಿ ಶುರುವಾದ ‘ದಿ ಚೇಸ್’ ಎಂಬ ಟಿ.ವಿ. ಕ್ವಿಜ್‌ನಲ್ಲಿ ಸ್ಪರ್ಧಿಗಳಿಗೆ ಎದುರಾಳಿ ಒಬ್ಬ ಪರಿಣತ. ನಮ್ಮ ಚಂದನದಲ್ಲಿ 2002ರಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ಯಲ್ಲಿ ಅಂಥವರಿಲ್ಲ, ಸರಿಯುತ್ತರಕ್ಕೆ ಕನ್ನಡ ಪುಸ್ತಕ, ಅಷ್ಟೆ. ಆದರೆ ತಲಘಟ್ಟಪುರದ ನಮ್ಮ ಮನೆಯಲ್ಲಿ ಆ ಪರಿಣತ ನಾನೇ! ಮಗಳು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿ ಬೀಗುತ್ತಿದ್ದೆ. ಬರಬರುತ್ತಾ ಅವಳು ಸುಮ್ಮನಾಗಿದ್ದಳು. ನಾನದನ್ನು ಗಮನಿಸಿರಲಿಲ್ಲ.

ಒಂದು ರಾತ್ರಿ ಅವಳೇ ಕೇಳಿದಳು: “ಎಲ್ಲಕ್ಕಿಂತ ಬಿಸಿಯಾದ ಗ್ರಹ ಯಾವುದು? ಥಟ್ ಅಂತ ಹೇಳಪ್ಪಾ!”

“ಬುಧ” ಎಂದುಬಿಟ್ಟೆ.

“ಅಲ್ಲ, ಶುಕ್ರ!”

ಹೌದಲ್ಲ! ಬುಧ ಸೂರ್ಯನಿಗೆ ಹತ್ತಿರವಿದ್ದರೂ, ಶುಕ್ರನ ದಟ್ಟವಾದ ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತದೆ. ವರ್ಷವರ್ಷವೂ ನಾನೇ ಮಾಡಿದ ಪಾಠ. ಬಾಯಿತಪ್ಪಿತೆಂದು ಜಾರಿಕೊಳ್ಳಬಹುದಿತ್ತು. “ಸೋತೆ ಕಣಮ್ಮ” ಎಂದೆ.

ಅಂದಿನಿಂದ ಅವಳ ಪ್ರಶ್ನೆಗಳಿಗೆ ಬಿಡುವಿಲ್ಲ. ಉತ್ತರ ಗೊತ್ತಿದ್ದರೂ ಈಗ ನಾನು ತುಸು ಕಾಯುತ್ತೇನೆ.